ಹೆಸರಿಗೊಂದು ಕುರ್ಚಿ

ಆ ಹೋಟೆಲಿನಲ್ಲಿ ಅವನನ್ನು ಎಲ್ಲರೂ ಹಾರೂನಾ ಅಂತ ಕರೆಯುತ್ತಿದ್ದರು. ಅವನ ಹೆಸರು ಹಾರೂನಾ ಅಲ್ಲ. ಹೆತ್ತವರು ಇಟ್ಟ ಹೆಸರು ಮಖಾ. ಆದರೆ ಮಖಾ ಅನ್ನುವವನೊಬ್ಬ ಪ್ಯಾರಿಸ್ಸಿನಲ್ಲಿ ಇದ್ದಾನೆ ಅಂತ ಸರ್ಕಾರಕ್ಕೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ವಿಮಾನ ಹತ್ತಿಸಿ ಮಾಲಿ ದೇಶಕ್ಕೆ ವಾಪಸ್ ಅಟ್ಟುತ್ತಿತ್ತು. ಅದಕ್ಕೇ ಅವನು ಇನ್ನೊಬ್ಬನ ಹೆಸರು ತೊಟ್ಟುಕೊಂಡು ಮುಸುರೆ ತಿಕ್ಕುತ್ತಿದ್ದ.

ಮಾಲಿಯಿಂದ ಬಂದ ನಮ್ಮವರಲ್ಲಿ ಇದು ಹೊಸದೇನಲ್ಲ. ಒಬ್ಬನ ಕಾರ್ಡು, ಇನ್ನೊಬ್ಬನ ರಟ್ಟೆ. ಈ ಊರಿನ ಎಷ್ಟು ಅಡುಗೆಮನೆಗಳಲ್ಲಿ ಎರವಲು ಹೆಸರುಗಳು ಆಲೂಗಡ್ಡೆ ಸುಲಿಯುತ್ತಿವೆ, ನೆಲ ಒರೆಸುತ್ತಿವೆ ಅಂತ ಯಾರೂ ಎಣಿಸಿಲ್ಲ. ಕಾರ್ಡಿನಲ್ಲಿ ಬೇರೆಯವನ ಫೋಟೊ ಇರುತ್ತದಲ್ಲ, ಸಿಕ್ಕಿಬೀಳೋದಿಲ್ಲವಾ ಅಂತ ಕೇಳುವವರು ಕೇಳುತ್ತಾರೆ. ಎಲ್ಲಿಯ ಸಿಕ್ಕಿಬೀಳೋದು! ಬಿಳಿಯರ ಕಣ್ಣಿಗೆ ನಾವೆಲ್ಲ ಒಂದೇ ಮುಖ. ಕಾರ್ಡಿನಲ್ಲಿದ್ದ ಹಾರೂನಾ ಮಖಾನಿಗೆ ಅಪ್ಪನಾಗುವಷ್ಟು ದೊಡ್ಡವನು. ಅವನು ಬೋಳುತಲೆ, ಇವನಿಗೆ ತಲೆ ತುಂಬ ಕೂದಲು. ಹೋಟೆಲಿನ ಯಜಮಾನ ವಲಾದಿಯೆ ಕಾರ್ಡನ್ನು ಒಂದು ಸಲ ನೋಡಿದ. ಮಖಾನ ಕೈಗಳನ್ನು ಒಂದು ಸಲ ನೋಡಿದ. ಕೈ ದಪ್ಪ ಇದ್ದವು. ಅಷ್ಟು ಸಾಕಾಯಿತು.

ಹೆಸರು ಕೊಟ್ಟ ಹಾರೂನಾ ಮಖಾನ ಊರಿನವನೇ, ಸೆನೆಗಾಲ್ ಹೊಳೆಯ ದಂಡೆಯವನು. ಎಳೇ ವಯಸ್ಸಿಗೇ ಇಲ್ಲಿಗೆ ಬಂದು, ಕಾಗದಪತ್ರ ಎಲ್ಲ ಸರಿಮಾಡಿಕೊಂಡು, ಈ ಊರವರ ಮನೆಗಳನ್ನೆಲ್ಲ ಕಟ್ಟಿದ. ಒಂದು ದಿನ ಸಾರುವೆಯಿಂದ ಬಿದ್ದ. ಬೆನ್ನು ಮುರಿಯಿತು. ಕಂಪನಿಯವರು ಹೂಗುಚ್ಛ ಕಳಿಸಿದರು. ಆಮೇಲೆ ಊರುಗೋಲು ಹಿಡಿದು ಮನೆಯಲ್ಲಿ ಕೂತ. ಮಖಾ ಮರುಭೂಮಿ ದಾಟಿ, ಸಮುದ್ರ ದಾಟಿ, ಮೂಳೆ ಚಕ್ಕಳವಾಗಿ ಅವನ ಬಾಗಿಲಲ್ಲಿ ನಿಂತಾಗ ಹಾರೂನಾ ಗೂಡಿನಿಂದ ಕಾರ್ಡು ತೆಗೆದು ಅವನ ಕೈಗೆ ತುರುಕಿದ.

“ಬೆನ್ನು ಹೋಯ್ತು ಕಣಪ್ಪ, ಹೆಸರಿನ್ನೂ ಗಟ್ಟಿ ಇದೆ. ತಗೊಂಡ್ಹೋಗು. ಅದಾದ್ರೂ ದುಡೀಲಿ,” ಅಂದ.

ಹೆಸರು ಬಾಡಿಗೆಗೆ ಕೊಟ್ಟು ಅರ್ಧ ಸಂಬಳ ನುಂಗುವವರು ನಮ್ಮಲ್ಲೂ ಇದ್ದಾರೆ, ಇಲ್ಲ ಅನ್ನೋದಿಲ್ಲ. ಹಾರೂನಾ ಒಂದು ಕಾಸು ಮುಟ್ಟಲಿಲ್ಲ. ಮಖಾ ಅವನನ್ನು ದೊಡ್ಡಪ್ಪ ಅಂತ ಕರೆಯುತ್ತಿದ್ದ. ರಕ್ತಸಂಬಂಧ ಏನೂ ಇರಲಿಲ್ಲ. ಹೆಸರು ಕೊಟ್ಟವನನ್ನು ಇನ್ನೇನಂತ ಕರೆಯೋದು?

ಮುಸುರೆ ಕೋಣೆ ಊಟದ ಹಜಾರದ ಬೆನ್ನಿಗೇ ಇತ್ತು. ನಡುವೆ ಒಂದು ತೂಗುಬಾಗಿಲು, ಬಾಗಿಲಲ್ಲಿ ದುಂಡನೆಯ ಗಾಜು. ಗಾಜಿನಾಚೆ ಬಿಳಿ ಮೇಜುಬಟ್ಟೆ, ಹೂವು, ಪಿಸುಮಾತು. ಈಚೆ ಉಗಿ, ಕೊಬ್ಬಿನ ನಾತ, ಕಿವಿ ಹರಿಯುವ ಮಿಷನ್ನಿನ ಸದ್ದು. ಕಿಟಕಿ ಇಲ್ಲ. ತಟ್ಟೆ ಬರುತ್ತವೆ. ಎಂಜಲು ಬಳಿದು ಬುಟ್ಟಿಗೆ ಹಾಕಬೇಕು. ಅದರಲ್ಲಿ ಒಂದು ತುಣುಕು ಬಾಯಿಗೆ ಹಾಕಿಕೊಂಡರೂ ಕೆಲಸ ಹೋಯಿತು ಅಂತ ಮೊದಲ ದಿನವೇ ಹೇಳಿದ್ದರು. ಬಳಿದು, ತಿಕ್ಕಿ, ಮಿಷನ್ನಿಗೆ ತುಂಬಿ, ಕೆಂಡದಂಥ ತಟ್ಟೆಗಳನ್ನು ತೆಗೆದು, ಒರೆಸಿ, ಎದೆಮಟ್ಟ ಪೇರಿಸಿ ಅಡುಗೆಯವನ ಕೈಗೆ ಮುಟ್ಟಿಸಬೇಕು. ಬೆರಳ ಸಂದಿಯ ಚರ್ಮ ಕ್ಷಾರಕ್ಕೆ ಸುಲಿದು ಬರುತ್ತಿತ್ತು. ಊರಿಂದ ಬಂದ, ಮರದ ಬೀಜದಿಂದ ತೆಗೆದ ಬೆಣ್ಣೆ ಹಚ್ಚಿ, ಬಟ್ಟೆ ಸುತ್ತಿಕೊಂಡು ಮಲಗಿದರೆ ಮಾತ್ರ ಬೆಳಿಗ್ಗೆ ಮುಷ್ಟಿ ಕಟ್ಟೋಕೆ ಬರುತ್ತಿತ್ತು.

ಅಡುಗೆಯವನು ಒಳಗಿಂದ ಕೂಗುತ್ತಿದ್ದದ್ದು ಒಂದೇ ಮಾತು. “ಹಾರೂನಾ, ತಟ್ಟೆ!” ಇಡೀ ದಿನ ಅದೇ. ಆ ಮಾತು ಬಿಟ್ಟು ಇನ್ನೊಂದು ಮಾತನ್ನು ಅವನ ಜೊತೆ ಆಡಿದವರು ಆ ಹೋಟೆಲಿನಲ್ಲಿ ಕಡಿಮೆ.

ಮಖಾ ಊರು ಬಿಟ್ಟಾಗ ಹೆಂಡತಿ ಬಸುರಿ. ಹುಟ್ಟಿದ ಮಗಳು ಕಾಂದೆ ಈಗ ಸ್ಕೂಲಿಗೆ ಹೋಗುತ್ತಾಳೆ, ಬಾವಿಯಿಂದ ನೀರು ಸೇದುತ್ತಾಳೆ. ಅವಳನ್ನು ಅವನು ಒಂದು ಸಲವೂ ಎತ್ತಿಕೊಂಡಿಲ್ಲ. “ನಮ್ಮಪ್ಪ ಫೋನಲ್ಲಿ ಇರೋದು,” ಅಂತ ಗೆಳತಿಯರಿಗೆ ಹೇಳುತ್ತಾಳಂತೆ. ಹೆಂಡತಿ ಇದನ್ನು ನಗುತ್ತ ಹೇಳಿದ್ದಳು. ಮಖಾ ಕಕ್ಕಸಿನಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದ. ಹೋಗಿ ನೋಡಿಬರೋಣ ಅಂದರೆ, ಕಾಗದವಿಲ್ಲದವನು ಹೋದರೆ ಹೋದ ಹಾಗೆ, ತಿರುಗಿ ಬರೋಕಾಗೋದಿಲ್ಲ. ಬಾರದೆ ಹೋದರೆ ಅಲ್ಲಿ ಒಲೆ ಹತ್ತೋದಿಲ್ಲ. ಅಡಕತ್ತರಿಗೆ ಸಿಕ್ಕ ಅಡಿಕೆ ಅಂತಾರಲ್ಲ, ಹಾಗೆ.

ಬಿಡುಗಡೆಗೆ ಒಂದೇ ದಾರಿ. ಯಜಮಾನ ವಲಾದಿಯೆ ರುಜು ಹಾಕಬೇಕು. ಇವನ ನಿಜವಾದ ಹೆಸರು ಮಖಾ, ಇವನು ನನ್ನಲ್ಲಿ ಇಷ್ಟು ವರ್ಷ ದುಡಿದಿದ್ದಾನೆ, ಇವನು ನನಗೆ ಬೇಕು ಅಂತ. ಹಾಗೆ ಹಾಕಿದರೆ ಸರ್ಕಾರ ಅವನದೇ ಹೆಸರಲ್ಲಿ ಕಾರ್ಡು ಕೊಡಬಹುದು. ಕಾರ್ಡು ಬಂದರೆ ಊರಿಗೆ ಹೋಗಿ ಮಗಳನ್ನು ಮುಟ್ಟಬಹುದು. ಮಖಾ ಧೈರ್ಯ ಮಾಡಿ ಒಂದು ದಿನ ನಿಜ ಹೇಳಿದ. ವಲಾದಿಯೆ ಮೊದಲ ದಿನದಿಂದ ಬಲ್ಲವನು, ಆದರೂ ಸಿಡಿಲು ಬಡಿದವನ ಹಾಗೆ ನಟಿಸಿದ. ನೀನು ನನಗೆ ಮೋಸ ಮಾಡಿದೆ, ಆದರೂ ನಾನು ದೊಡ್ಡ ಮನಸ್ಸು ಮಾಡ್ತೀನಿ ಅಂದ. ಅಲ್ಲಿಂದ ಶುರುವಾಯಿತು ಮೂಗಿಗೆ ತುಪ್ಪ ಸವರೋದು. ಕ್ರಿಸ್ಮಸ್ ಕಳೀಲಿ. ಬೇಸಿಗೆ ಕಳೀಲಿ. ವಕೀಲ ರಜೆಯಿಂದ ಬರಲಿ. ನಡುವೆ ಯಜಮಾನನ ಮನೆಯ ಮೋರಿ ಬಳಿಯೋದು, ಅತ್ತೆಯ ಮನೆಯ ಸಾಮಾನು ಹೊರೋದು, ಎಲ್ಲ ಬಿಟ್ಟಿ. ರುಜು ಹಾಕುವ ಕೈ ಕೋಪ ಮಾಡಿಕೊಳ್ಳಬಾರದಲ್ಲ.

ಕೊನೆಗೂ ಈ ಸೋಮವಾರ ಅಂತ ನಿಗದಿಯಾಯಿತು. ವಕೀಲನ ಆಫೀಸಿಗೆ ಇಬ್ಬರೂ ಹೋಗೋದು. ಮಖಾ ದೊಡ್ಡಪ್ಪನಿಗೆ ಬಿಟ್ಟು ಇನ್ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಇಲ್ಲ. ಹೇಳಿದರೆ ದೃಷ್ಟಿ ತಾಗೀತು ಅಂತ ಭಯ.

ಆ ಹೊತ್ತಿಗೇ ಹಾರೂನಾನ ಮಗಳು ಸಾದಿಯೊಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂತು. ಹಾರೂನಾನ ಮನೆಯಲ್ಲಿ ಎಲ್ಲರೂ ಒಂದೇ ಬೋಗುಣಿಯ ಸುತ್ತ ಕೂತು ಕಡಲೆಕಾಯಿ ಸಾರು ಕಲಸಿದ ಅನ್ನ ಉಣ್ಣುತ್ತಿದ್ದರು. ಮಖಾನೂ ಇದ್ದ. ನಿನಗೇನು ಕೊಡಿಸಲಿ ಅಪ್ಪಾ ಅಂತ ಸಾದಿಯೊ ಕೇಳಿದಳು. ಹಾರೂನಾ ಬೆರಳು ನೆಕ್ಕಿಕೊಂಡು ಯೋಚನೆ ಮಾಡಿದ.

“ನನಗೇನೂ ಬೇಡ ಕಣವ್ವ. ನನ್ನ ಹೆಸರಿಗೆ ಒಂದೂಟ ಹಾಕ್ಸು. ಇವನು ತಟ್ಟೆ ತೊಳೀತಾನಲ್ಲ, ಆ ಹೋಟ್ಲಲ್ಲಿ. ಇಷ್ಟು ವರ್ಷ ಅಲ್ಲಿ ನನ್ನ ಹೆಸರು ನಿಂತ್ಕೊಂಡೇ ಇದೆ. ಒಂದಿನ ಕೂತ್ಕೊಳ್ಳಲಿ.”

ಮಖಾ ಬೋಗುಣಿಯಿಂದ ಕೈ ತೆಗೆದ. ಬೇಡ ದೊಡ್ಡಪ್ಪ ಅಂದ. ಅಲ್ಲಿ ಊಟ ಚೆನ್ನಾಗಿರೋದಿಲ್ಲ, ಮೊರದಗಲ ತಟ್ಟೆಗೆ ಬೆರಳಷ್ಟು ಮೀನು ಇಡ್ತಾರೆ, ಉಪ್ಪೂ ಇರೋದಿಲ್ಲ ಅಂದ.

“ನೀನು ತಿಂದು ನೋಡಿದ್ದೀಯೇನೋ, ಅಲಸಂದೆ ತಿನ್ನೋ ಕುಲದೋನೇ?”

“ಇಲ್ಲ.”

“ಮತ್ತೆ ಉಪ್ಪಿಲ್ಲ ಅಂತ ಹೆಂಗೆ ಗೊತ್ತು?”

ಬೋಗುಣಿಯ ಸುತ್ತ ಕೂತವರೆಲ್ಲ ನಕ್ಕರು. ಹಾರೂನಾನ ಕುಲದವರು ಮಖಾನ ಕುಲದವರನ್ನು ಅಲಸಂದೆ ತಿನ್ನೋರು ಅಂತ ಹಂಗಿಸೋದು ತಾತನ ಕಾಲದ ತಮಾಷೆ, ಅದಕ್ಕೆ ಯಾರೂ ಸಿಟ್ಟು ಮಾಡುವಂತಿಲ್ಲ. ಮಖಾನೂ ನಕ್ಕ. ಆದರೆ ತಲೆಯಲ್ಲಿ ಸೋಮವಾರವೇ ಇತ್ತು. ಸೋಮವಾರದ ಹಿಂದಿನ ದಿನವೇ ಸಾದಿಯೊಗೆ ರಜೆ ಇದ್ದದ್ದು. ಭಾನುವಾರ ಮಧ್ಯಾಹ್ನದ ಊಟಕ್ಕೆ ಮೇಜು ಕಾದಿರಿಸಿದಳು. ಯಾರ ಹೆಸರಿಗೆ ಅಂದರೆ ಹಾರೂನಾ ಜವಾರಾ ಹೆಸರಿಗೆ.

ಭಾನುವಾರ ಬೆಳಿಗ್ಗೆಯೇ ವಲಾದಿಯೆ ಮುಸುರೆ ಕೋಣೆಗೆ ಬಂದ. ಅವನು ಅಲ್ಲಿಗೆ ಬರೋದೇ ಅಪರೂಪ, ಬಂದರೆ ಮೂಗಿಗೆ ಕರ್ಚೀಫು. ನಿನ್ನ ಹೆಸರಿನವನು ಯಾರೋ ಊಟಕ್ಕೆ ಬರ್ತಿದಾನಲ್ಲ ಅಂದ. ನಮ್ಮೂರಿನ ಹಿರಿಯರು ಧಣಿ, ಊಟ ಮಾಡ್ಕೊಂಡು ಹೋಗ್ತಾರೆ ಅಷ್ಟೇ ಅಂದ ಮಖಾ. ವಲಾದಿಯೆ ಅವನ ಒದ್ದೆ ಅಂಗಿಯ ಕಾಲರು ಸರಿಮಾಡಿದ, ಮಗುವಿಗೆ ಮಾಡಿದ ಹಾಗೆ.

“ನಾಳೆ ಏನು ದಿನ ಅಂತ ನೆನಪಿದೆ ತಾನೆ?” ಅಂದ.

“ಇದೆ ಧಣಿ.”

“ಒಳ್ಳೇದು. ಹಜಾರದ ಕಡೆ ತಲೆ ಹಾಕ್ಬೇಡ.”

ಮಧ್ಯಾಹ್ನ ಹಾರೂನಾನ ಮನೆಯವರು ಮೂವರೂ ಬಂದರು. ಮಖಾ ದುಂಡು ಗಾಜಿನಲ್ಲಿ ನೋಡಿದ. ಹಾರೂನಾ ಕಸೂತಿ ಹಾಕಿದ ಆಕಾಶ ಬಣ್ಣದ ನಿಲುವಂಗಿ ತೊಟ್ಟಿದ್ದ, ಹಬ್ಬದ ನಮಾಜಿಗೆ ತೊಡೋದು. ಅವನ ಹೆಂಡತಿ ತೆನ್ನೆ ಗಂಜಿ ಹಾಕಿದ ರುಮಾಲು ಸುತ್ತಿಕೊಂಡಿದ್ದಳು. ಸಾದಿಯೊ ಅಪ್ಪನ ತೋಳು ಹಿಡಿದಿದ್ದಳು. ಹೊಳೆ ಕಾಣುವ ಕಿಟಕಿಯ ಪಕ್ಕ ಎರಡು ಮೇಜು ಖಾಲಿ ಇದ್ದವು. ಸಾದಿಯೊ ಅವನ್ನು ಬೆರಳು ಮಾಡಿ ತೋರಿಸಿದಳು. ವಲಾದಿಯೆ ಸೊಂಟ ಬಗ್ಗಿಸಿ, ಕೈ ಚಾಚಿ, ಬಹಳ ಮರ್ಯಾದೆಯಿಂದ ಅವರನ್ನು ಹಜಾರದ ಕಟ್ಟಕಡೆಗೆ ಕರೆದುಕೊಂಡು ಬಂದ. ಕಕ್ಕಸಿನ ಬಾಗಿಲು ಒಂದು ಕಡೆ, ಮುಸುರೆ ಕೋಣೆಯ ತೂಗುಬಾಗಿಲು ಇನ್ನೊಂದು ಕಡೆ. ನಡುವೆ ನಾಲ್ಕು ಕುರ್ಚಿಯ ಒಂದು ಮೇಜು. ಪಕ್ಕದಲ್ಲೇ ಮರದ ಮಡಚು ಪರದೆ ನಿಲ್ಲಿಸಿತ್ತು, ಅದರ ಮೇಲೆ ಚಿನ್ನದ ಬಣ್ಣದ ಕೊಕ್ಕರೆಗಳು. ಪರದೆಯ ಹಿಂದೆ ಎಂಜಲು ತಟ್ಟೆ ಪೇರಿಸುವ ಜಾಗ. ತಿನ್ನುವವರ ಕಣ್ಣಿಗೆ ಹೇಸಿಗೆ ಬೀಳಬಾರದು ಅಂತ ಆ ಪರದೆ.

ಕಿಟಕಿಯ ಎರಡು ಮೇಜು ಖಾಲಿಯೇ ಉಳಿದವು. ಊಟ ಮುಗಿಯುವ ತನಕವೂ ಯಾರೂ ಬರಲಿಲ್ಲ.

ಕಿಟಕಿಯ ಪಕ್ಕದ ಮೂರನೆಯ ಮೇಜಿಗೆ ಮದಾಮ್ ಓದಿಲ್ ಮತ್ತು ಅವಳ ಗಂಡ ಬಂದಿದ್ದರು. ಪ್ರತಿ ಭಾನುವಾರ ಬರುವ ಗಿರಾಕಿಗಳು. ಜೊತೆಗೆ ಅವರ ನಾಯಿ. ನಾಯಿಗೊಂದು ಕುರ್ಚಿ, ಕುರ್ಚಿಗೊಂದು ದಿಂಬು. ನಾಯಿಗೆ ಬೆಳ್ಳಿ ಬಟ್ಟಲಲ್ಲಿ ನೀರು, ಬೇಯಿಸಿ ಬಿಡಿಸಿದ ಕೋಳಿ. ವಲಾದಿಯೆ ಮಂಡಿಯೂರಿ ಅದರ ಕಿವಿ ಕೆರೆದ. ಇವತ್ತು ಹಸಿವು ಹೇಗಿದೆ ಅಂತ ನಾಯಿಯನ್ನೇ ಕೇಳಿದ. ಗಂಡಹೆಂಡಿರ ಮೀನನ್ನು ಇಡಿಯಾಗಿ ಬೆಳ್ಳಿ ಹರಿವಾಣದಲ್ಲಿ ತಂದು, ತೋರಿಸಿ, ಅವರ ಕಣ್ಣೆದುರೇ ಮುಳ್ಳು ಬಿಡಿಸಿ ಬಡಿಸಿದರು. ಆಮೇಲೆ ಸುಟ್ಟ ಗೌಜಲಕ್ಕಿ ಬಂತು. ಗಂಡ ಕತ್ತಿಗೆ ಕರವಸ್ತ್ರ ಕಟ್ಟಿಕೊಂಡು, ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೂಳೆ ಚೀಪುತ್ತ ತಿಂದ. ಗಡ್ಡದ ಮೇಲೆಲ್ಲ ಜಿಡ್ಡು. ಹಕ್ಕಿಯನ್ನು ತಿನ್ನಬೇಕಾದ ರೀತಿಯೇ ಇದು, ಇವರಿಗೆ ಊಟ ಮಾಡೋದು ಗೊತ್ತು ಅಂತ ವಲಾದಿಯೆ ಪಕ್ಕದ ಮೇಜಿನವರಿಗೆ ಹೇಳಿ ಹೊಗಳಿದ.

ಇತ್ತ ಕೊನೆಯ ಮೇಜಿಗೆ ಬ್ರೆಡ್ಡು ಬರೋಕೇ ಯುಗ ಹಿಡಿಯಿತು. ನೀರನ್ನು ಎರಡು ಸಲ ಕೇಳಬೇಕಾಯಿತು. ಹಾರೂನಾ ಮಾಂಸ ಬೇಡ, ಹಲಾಲ್ ಅಲ್ಲದ್ದು ನಮಗಾಗದು ಅಂತ ಮೀನು ಹೇಳಿದ್ದ. ಅದೇ ಮೀನು. ಆದರೆ ಇಡಿಯಾಗಿ ಬರಲಿಲ್ಲ, ಯಾರೂ ತೋರಿಸಲಿಲ್ಲ. ಒಳಗೇ ಕುಯ್ದು ಮೂರು ತಟ್ಟೆಯಲ್ಲಿ ಮೂರು ತುಣುಕು ಇಟ್ಟು ತಂದು ದಡದಡ ಇಳಿಸಿ ಹೋದರು. ತೂಗುಬಾಗಿಲು ತೆರೆದಾಗಲೆಲ್ಲ ಮುಸುರೆಯ ಉಗಿ ತೆನ್ನೆಯ ರುಮಾಲಿಗೆ ಬಡಿಯುತ್ತಿತ್ತು.

ಹಾರೂನಾ ಮೂರು ತಟ್ಟೆಯನ್ನೂ ನೋಡಿದ. ನಮ್ಮಲ್ಲಿ ಬೇರೆ ಬೇರೆ ತಟ್ಟೆಯಲ್ಲಿ ಉಣ್ಣೋದು ಜಗಳವಾಡಿದವರು. ಅವನು ಮೂರು ತುಣುಕನ್ನೂ ಒಂದೇ ತಟ್ಟೆಗೆ ಸುರಿದು, ಮೇಜಿನ ನಡುವೆ ಇಟ್ಟ. ಬಲಗೈಯಿಂದ ಮೀನು ಮುರಿದು, ಹೆಂಡತಿಯ ಕಡೆಗೊಂದು ಪಾಲು, ಮಗಳ ಕಡೆಗೊಂದು ಪಾಲು ಸರಿಸಿದ. ಹಿರಿಯ ಮಾಡಬೇಕಾದ ಕೆಲಸ ಅದು. ಮೀನು, ಮಾಂಸ ಏನಿದ್ದರೂ ಹಿರಿಯನ ಕೈಯಿಂದಲೇ ಪಾಲಾಗಬೇಕು.

ಮದಾಮ್ ಓದಿಲ್ ತಿರುಗಿ ನೋಡಿದಳು. ಗಂಡನ ಕಿವಿಯಲ್ಲಿ ಏನೋ ಅಂದಳು. ಗಂಡ ಜಿಡ್ಡಿನ ಕೈ ಮೇಲೆತ್ತಿಕೊಂಡೇ ನಕ್ಕ. ವಲಾದಿಯೆ ನೆಟ್ಟಗೆ ಕೊನೆಯ ಮೇಜಿಗೆ ಬಂದ.

“ಸ್ವಾಮಿ, ನಮ್ಮ ಹೋಟ್ಲಲ್ಲಿ ಒಬ್ಬೊಬ್ಬರು ಒಂದೊಂದು ತಟ್ಟೇಲಿ, ಮುಳ್ಳುಚಮಚದಲ್ಲಿ ಊಟ ಮಾಡೋದು ಪದ್ಧತಿ.”

“ಅವರು?” ಅಂತ ಸಾದಿಯೊ ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದಳು.

“ಅದು ಬೇರೆ.”

“ಬೇರೆ ಅಂದ್ರೆ?”

ವಲಾದಿಯೆ ಬೆನ್ನು ತಿರುಗಿಸಿದ. ತೂಗುಬಾಗಿಲು ತಳ್ಳಿಕೊಂಡು ಒಳಗೆ ಬಂದ. ಗಾಜಿಗೆ ಅಂಟಿಕೊಂಡಿದ್ದ ಮಖಾ ಎರಡು ಹೆಜ್ಜೆ ಹಿಂದಕ್ಕೆ ಸರಿದ. ವೇಟರುಗಳು ಕೈ ಬಿಡುವಿಲ್ಲದೆ ಓಡಾಡುತ್ತಿದ್ದರು, ಪರದೆಯೋ ಗಟ್ಟಿ ಮರದ್ದು, ಭಾರ. ಭಾರ ಹೊರೋದಕ್ಕೆ ಆ ಹೋಟೆಲಿನಲ್ಲಿ ಇದ್ದವನು ಮಖಾ ಒಬ್ಬನೇ. ವಲಾದಿಯೆ ಗೂಟದಲ್ಲಿದ್ದ ಯಾರದೋ ಕರಿ ಕೋಟು ತೆಗೆದು ಮಖಾನ ಮುಖಕ್ಕೆ ಎಸೆದ.

“ಇದನ್ನ ಹಾಕ್ಕೋ. ಆ ಪರದೆ ಎತ್ತಿ ಆ ಮೇಜಿನ ಸುತ್ತ ನಿಲ್ಲಿಸು. ಮೂರು ಕಡೆನೂ ಮುಚ್ಚಬೇಕು. ಬಾಯಿ ಬಿಡ್ಬೇಡ.”

ಮಖಾ ನಿಂತೇ ಇದ್ದ.

“ನಾಳೆ ಸೋಮವಾರ, ಹಾರೂನಾ,” ಅಂದ ವಲಾದಿಯೆ, ಮೆಲ್ಲಗೆ.

ಕೋಟು ಬಿಗಿಯಾಗಿತ್ತು. ಕಂಕುಳಲ್ಲಿ ಕಚ್ಚುತ್ತಿತ್ತು. ಆ ಹೋಟೆಲಿನ ಹಜಾರದೊಳಕ್ಕೆ ಗಿರಾಕಿಗಳಿರುವಾಗ ಅವನು ಕಾಲಿಟ್ಟದ್ದು ಅದೇ ಮೊದಲು. ಬೆಳಕು ಕಣ್ಣಿಗೆ ಚುಚ್ಚಿತು. ಪರದೆಯನ್ನು ಎಂಜಲು ತಟ್ಟೆಗಳ ಮುಂದಿನಿಂದ ಎಳೆದು ಹೆಗಲಿಗೆ ಆನಿಸಿಕೊಂಡ. ವರ್ಷಾನುಗಟ್ಟಲೆ ಮುಸುರೆಯ ನಾತ ಕುಡಿದು ಮರವೇ ನಾರುತ್ತಿತ್ತು. ಹೇಸಿಗೆ ಮುಚ್ಚುವ ಪರದೆ ಇನ್ನು ಮನುಷ್ಯರನ್ನು ಮುಚ್ಚಬೇಕು. ಹೊತ್ತು ತರಬೇಕಾದವನು ತಾನು. ಮುಚ್ಚಬೇಕಾದದ್ದು ತನಗೆ ಹೆಸರು ಕೊಟ್ಟವನನ್ನು. ಇಂಥ ಕೆಲಸ ಹೇಳೋದಕ್ಕೂ ಒಂದು ಗುಂಡಿಗೆ ಬೇಕು, ಥೂ.

ತೆನ್ನೆ ಅವನನ್ನು ನೋಡಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಸಾದಿಯೊ ಎದ್ದು ನಿಂತಳು, ನಡಿ ಅಪ್ಪಾ ಹೋಗೋಣ ಅಂದಳು. ಹಾರೂನಾ ಏಳಲಿಲ್ಲ. ಮಖಾನ ಮುಖ ನೋಡಿದ, ಹೆಗಲ ಮೇಲಿನ ಪರದೆ ನೋಡಿದ. ಎಲ್ಲ ಅರ್ಥವಾಯಿತು. ನಮ್ಮ ಭಾಷೆಯಲ್ಲಿ, ತಗ್ಗಿದ ದನಿಯಲ್ಲಿ ಅಂದ:

“ಇಡು ಮಗ. ನಾಳೆ ನಿನ್ನ ಕೆಲಸ ಆಗ್ಬೇಕು. ಕಾಂದೆಯ ಮುಖ ನೆನಸ್ಕೊಂಡು ಇಟ್ಬಿಡು. ನಾನು ಮರ ನೋಡ್ಕೊಂಡೇ ಉಣ್ತೀನಿ.”

ಬೈದಿದ್ದರೆ ಚೆನ್ನಾಗಿತ್ತು. ಉಗಿದಿದ್ದರೆ ಇನ್ನೂ ಚೆನ್ನಾಗಿತ್ತು. ಮಖಾ ಪರದೆ ಇಳಿಸಿದ. ಮೊದಲ ಮಡಿಕೆ ಬಿಡಿಸಿದ. ಹಜಾರದ ಕಡೆಯಿಂದ ತೆನ್ನೆ ಮರೆಯಾದಳು. ಎರಡನೆಯ ಮಡಿಕೆ ಬಿಡಿಸಿದ. ಸಾದಿಯೊ ಮರೆಯಾದಳು. ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ, ಸೋಮವಾರದ ಮಾತು ಕೇಳುತ್ತಿತ್ತು. ಇನ್ನೊಂದು ಮಡಿಕೆ ಬಿಡಿಸಿದರೆ ಹಾರೂನಾನೂ ಇಲ್ಲ.

ಅಷ್ಟರಲ್ಲಿ ವಲಾದಿಯೆ ಕಿಟಕಿಯ ಕಡೆಯಿಂದ ಚಿಟಿಕೆ ಹೊಡೆದ. ಗೌಜಲಕ್ಕಿ ತಿಂದವನು ಎರಡೂ ಕೈ ಗಾಳಿಯಲ್ಲಿ ಹಿಡಿದು ಕಾಯುತ್ತಿದ್ದ. ಅದು ಬಿಡು, ಮೊದಲು ಅವರಿಗೆ ಕೈ ತೊಳೆಯೋಕೆ ನೀರು ತಾ ಅಂತ ವಲಾದಿಯೆ ಹಲ್ಲು ಕಚ್ಚಿ ಹೇಳಿದ. ಮಖಾ ಒಳಗೆ ಹೋದ. ಬೆಳ್ಳಿ ಬಟ್ಟಲು ತೆಗೆದ. ಅದೇ ಬಟ್ಟಲುಗಳ ಪೈಕಿ ಒಂದರಲ್ಲಿ ನಾಯಿ ನೀರು ಕುಡಿಯುತ್ತಿತ್ತು, ಅವನ್ನೆಲ್ಲ ತಿಕ್ಕಿ ಹೊಳೆಯಿಸುತ್ತಿದ್ದವನು ಅವನೇ. ಬೆಚ್ಚಗಿನ ನೀರು ತುಂಬಿದ. ನಿಂಬೆಹೋಳು ಹಾಕಿದ. ಮಡಿ ಮಾಡಿದ ಬಿಳಿ ಬಟ್ಟೆ ತೋಳಿಗೆ ಹಾಕಿಕೊಂಡ.

“ಹಾರೂನಾ, ತಟ್ಟೆ!” ಅಂತ ಅಡುಗೆಯವನು ಕೂಗಿದ. ಮಖಾ ತಿರುಗಲಿಲ್ಲ.

ಬಟ್ಟಲು ಹಿಡಿದು ತೂಗುಬಾಗಿಲನ್ನು ಬೆನ್ನಿನಿಂದ ತಳ್ಳಿ ಹೊರಗೆ ಬಂದ. ಕಿಟಕಿಯ ಮೇಜು ಎದುರಿಗೆ ಕಾಣುತ್ತಿತ್ತು. ನಾಯಿ ದಿಂಬಿನ ಮೇಲೆ ಆಕಳಿಸುತ್ತಿತ್ತು. ಊರಲ್ಲಿ ಅವನು ಚಿಕ್ಕವನಿದ್ದಾಗ ಊಟಕ್ಕೆ ಮೊದಲು ಕೆಟಲು, ಬೋಗುಣಿ ಹಿಡಿದು ಹಿರಿಯರ ಕೈಗೆ ನೀರು ಹಾಕೋದು ಅವನ ಕೆಲಸ. ಆ ಕೆಲಸ ಮಾಡಿ ಎಷ್ಟೋ ವರ್ಷ ಆಗಿತ್ತು. ದೊಡ್ಡಪ್ಪ ಇವತ್ತು ಕೈ ತೊಳೆಯದೆ ಉಂಡ. ಯಾರೂ ನೀರು ಕೊಟ್ಟಿಲ್ಲ. ನಾಯಿಗೆ ಕೊಟ್ಟರು.

ಅವನ ಕಾಲು ಅಲ್ಲೇ ನಿಂತಿತು. ಬಟ್ಟಲು ಕೆಳಗಿಟ್ಟ. ಬಿಡಿಸಿದ್ದ ಮಡಿಕೆಗಳನ್ನು ಒಂದೊಂದಾಗಿ ಮಡಚಿದ. ಪರದೆಯನ್ನು ಗೋಡೆಗೆ ಒರಗಿಸಿದ. ಆಮೇಲೆ ಬಟ್ಟಲು ಎತ್ತಿಕೊಂಡು ಹಾರೂನಾನ ಮುಂದೆ ಮಂಡಿಯೂರಿದ.

“ಕೈ ಕೊಡು ದೊಡ್ಡಪ್ಪ,” ಅಂದ.

“ಬೇಡ ಕಣೋ. ಹುಚ್ಚನ ಹಾಗೆ ಆಡ್ಬೇಡ.”

“ಕೊಡು.”

ಹಾರೂನಾ ಕೈ ಚಾಚಿದ. ಸುಲಿದ ಬೆರಳುಗಳು ಗಂಟುಗಟ್ಟಿದ ಬೆರಳುಗಳನ್ನು ತೊಳೆದವು. ಒಂದೊಂದು ಬೆರಳನ್ನೂ ತೊಳೆದ, ಒರೆಸಿದ. ಮಖಾನಿಗೆ ಹೆದರಿಕೆ ಆಗಲಿಲ್ಲ ಅಂತ ನಾನು ಸುಳ್ಳು ಹೇಳೋದಿಲ್ಲ. ಸೋಮವಾರ ಅನ್ನೋದು ಕಣ್ಣೆದುರೇ ಬಚ್ಚಲಿಗೆ ಹರಿದುಹೋಗುತ್ತಿತ್ತು. ಕಾಂದೆ ನೀರಿನ ಬಿಂದಿಗೆ ಹೊತ್ತು ನಿಂತಂತೆ ಕಾಣುತ್ತಿತ್ತು. ಆದರೂ ಕೈ ತೊಳೆಯೋದು ನಿಲ್ಲಿಸಲಿಲ್ಲ.

ಹಾರೂನಾ ನಾಲ್ಕನೆಯ ಕುರ್ಚಿಯ ಮೇಲೆ ಮಲಗಿಸಿದ್ದ ಊರುಗೋಲನ್ನು ತೆಗೆದು ನೆಲಕ್ಕೆ ಇಟ್ಟ. ತಟ್ಟೆಯಲ್ಲಿ ಉಳಿದಿದ್ದ ಮೀನನ್ನು ಎರಡು ಪಾಲು ಮಾಡಿ, ಒಂದನ್ನು ಖಾಲಿ ಕುರ್ಚಿಯ ಕಡೆಗೆ ಸರಿಸಿದ. ಈ ಸಲ ದನಿ ತಗ್ಗಿಸಲಿಲ್ಲ. ಆ ಹೋಟೆಲಿನಲ್ಲಿ 'ಹಾರೂನಾ, ತಟ್ಟೆ' ಬಿಟ್ಟು ಬೇರೆ ಕೇಳದವರೆಲ್ಲ ಕೇಳುವ ಹಾಗೆ ಕರೆದ.

“ಮಖಾ, ಕೂತ್ಕೋ. ಇದು ನಿನ್ನ ಪಾಲು.”

ತನ್ನ ಹೆಸರು ಆ ಗೋಡೆಗಳ ನಡುವೆ ಕೇಳಿದ್ದು ಅದೇ ಮೊದಲು. ಮಖಾ ಯಾರದೋ ಕೋಟು ಬಿಚ್ಚಿ ಪರದೆಯ ಮೇಲೆ ಎಸೆದ. ಒದ್ದೆ ಅಂಗಿಯಲ್ಲೇ ಕೂತ. ಕುರ್ಚಿಯ ಮಖಮಲ್ಲು ನೆನೆಯಿತು.

ವಲಾದಿಯೆ ಓಡಿಬರಲಿಲ್ಲ. ಗಿರಾಕಿಗಳಿದ್ದರಲ್ಲ, ನಗುತ್ತಲೇ ಬಂದ. ಹತ್ತಿರ ಬಂದಮೇಲೆ ನಗು ಬಿಟ್ಟ. ನಾಳೆ ಅನ್ನೋದು ನಿನಗಿನ್ನು ಇಲ್ಲ ಅಂದ. ಪೊಲೀಸರನ್ನು ಕರೆಸಿದರೆ ಈ ಮುದುಕನಿಗೂ ಬೇಡಿ ಅಂದ. ಸಾದಿಯೊ ಎದ್ದು ನಿಂತೇ ಇದ್ದಳು.

“ಕರೀರಿ,” ಅಂದಳು. “ಗೊತ್ತಿದ್ದೂ ಇಷ್ಟು ವರ್ಷ ದುಡಿಸ್ಕೊಂಡೋರು ನೀವು. ಮೊದಲು ನಿಮ್ಮನ್ನೇ ಕೇಳ್ತಾರೆ.”

ವಲಾದಿಯೆಯ ಕತ್ತು ಕೆಂಪಾಯಿತು. ತೂಗುಬಾಗಿಲಿನ ಹಿಂದೆ ತಟ್ಟೆ ಸಾಲದೆ ಅಡುಗೆಯವನು ಗೋಳಾಡುತ್ತಿದ್ದ. “ಹಾರೂನಾ, ತಟ್ಟೆ! ಎಲ್ಲಿ ಸತ್ತೆ, ಹಾರೂನಾ?” ಮೇಜುಗಳಲ್ಲಿ ಮುಂದಿನದನ್ನು ಬಡಿಸಲಿ ಅಂತ ಕಾಯುತ್ತಿದ್ದವರು ಕತ್ತು ಹೊರಳಿಸಿ ನೋಡತೊಡಗಿದರು. ಮದಾಮ್ ಓದಿಲಳ ಗಂಡ ಜಿಡ್ಡಿನ ಕೈ ಎಲ್ಲಿಡಲಿ ಅಂತ ತಿಳಿಯದೆ ಹಾಗೇ ಹಿಡಿದುಕೊಂಡಿದ್ದ.

ವಲಾದಿಯೆ ಮಖಾನ ಹೆಗಲ ಮೇಲೆ ಕೈ ಹಾಕಿ ಅದುಮಿದ.

“ಹಾರೂನಾ, ಏಳು.”

ಮಖಾ ಏಳಲಿಲ್ಲ. ಹಾರೂನಾ ತೊಳೆದ ಕೈಯನ್ನು ಮೇಜಿನ ಮೇಲೆ ಚಾಚಿ ಇಟ್ಟು ವಲಾದಿಯೆಯನ್ನು ನೋಡಿದ.

“ಹಾರೂನಾ ನಾನು,” ಅಂದ. “ಊಟ ಆದ್ಮೇಲೆ ಏಳ್ತೀನಿ.”

ವಲಾದಿಯೆಯ ಕೈ ಹೆಗಲಿಂದ ಜಾರಿತು. ಮಖಾ ಮೀನು ಮುರಿದು ಬಾಯಿಗಿಟ್ಟ. ಎಷ್ಟೋ ವರ್ಷ ಬಳಿದು ಬುಟ್ಟಿಗೆ ಸುರಿದ ಊಟ. ಅಗಿದ. ನುಂಗಿದ. ಹಾರೂನಾ ಬಗ್ಗಿ ಅವನ ಮುಖ ನೋಡಿದ.

“ಉಪ್ಪಿದೆಯೇನೋ?”

“ಇಲ್ಲ ದೊಡ್ಡಪ್ಪ,” ಅಂದ ಮಖಾ. “ನಾನು ಅವತ್ತೇ ಹೇಳಿರ್ಲಿಲ್ವಾ.”